ಅಟ್ಟದಲ್ಲಿ ಸಿಕ್ಕಿದ ಕಬ್ಬಿಣದ ಡಬ್ಬ ಯಾವುದು?

ಮೂಡಿಗೆರೆಯ ಅಜ್ಜಿ ಮನೆ ಅಟ್ಟದಲ್ಲಿ ಸಿಕ್ಕಿದ್ದು ಏನು ಅಂತ ಕೇಳಿದ್ದೀರಿ. ಕಬ್ಬಿಣದ ಉದ್ದ ಡಬ್ಬ, ನಡುವೆ ತೂರಿಹೋಗುವ ಸರಳು, ತುದಿಯಲ್ಲಿ ತಿರುಗಿಸುವ ಹಿಡಿ, ಮೈಮೇಲೆ ಪುಟ್ಟ ಬಾಗಿಲು. ಬೆಣ್ಣೆ ಕಡೆಯುವುದಕ್ಕೆ ಇರಬಹುದೇ ಅನ್ನುವ ನಿಮ್ಮ ಊಹೆ ನನಗೆ ಸರಿ ಕಾಣಲಿಲ್ಲ. ಆ ಬಾಗಿಲ ಸಂದಿಯಲ್ಲಿ ಮಜ್ಜಿಗೆ ಸೋರಿಹೋಗುತ್ತದೆ ಅಲ್ವಾ?

ನನ್ನ ಊಹೆ, ಅದು ಕಾಫಿ ಬೀಜ ಹುರಿಯುವ ಡ್ರಮ್. ಬಾಗಿಲಿನಿಂದ ಬೀಜ ತುಂಬಿ, ಕೆಂಡದ ಮೇಲಿಟ್ಟು, ಕೈ ಬಿಡದೆ ತಿರುಗಿಸಬೇಕು. ನಿಲ್ಲಿಸಿದರೆ ಕೆಳಗಿನ ಬೀಜ ಸೀದು, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ಶಾಖ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಬೀಜ ಪಟಪಟ ಸಿಡಿಯುತ್ತದೆ. ಆಮೇಲೆ ಬಣ್ಣ ಬಹಳ ಬೇಗ ಕಪ್ಪಾಗುತ್ತದೆ, ಇಳಿಸಿ ಮೊರದಲ್ಲಿ ಹರಡಿ ಆರಿಸಬೇಕು. ಹುರಿದ ಮೇಲೆ ತೂಕವೂ ಇಳಿಯುತ್ತದೆ, ಕಿಲೋ ಹಸಿ ಬೀಜಕ್ಕೆ 800ರಿಂದ 850 ಗ್ರಾಂ ಉಳಿದರೆ ಅದು ಸಹಜ.

ದಯವಿಟ್ಟು ಈಗಲೇ ಸೋಪು ಹಾಕಿ ತೊಳೆಯಬೇಡಿ. ಹೊರಗೆ ಮಸಿ, ಒಳಗೆ ಕಂದು ಜಿಡ್ಡು ಇದೆಯಾ ನೋಡಿ, ಬಾಗಿಲು ತೆಗೆದು ಮೂಸಿಯೂ ನೋಡಿ. ಇದರಲ್ಲಿ ಕಡ್ಲೆಕಾಯಿಯನ್ನೂ ಹುರಿಯಬಹುದು, ಆದರೆ ಕಾಫಿ ನಾಡಿನ ಮನೆ ಅಂದಮೇಲೆ ನನಗಂತೂ ಜಾಸ್ತಿ ಅನುಮಾನವಿಲ್ಲ. ಅಟ್ಟದಲ್ಲಿ ಇನ್ನೊಮ್ಮೆ ಹುಡುಕಿ. ಸರಳು ಕೂರಿಸುವ ಕಬ್ಬಿಣದ ಕಾಲು ಅಲ್ಲೇ ಎಲ್ಲೋ ಇರಬಹುದು, ಸಿಕ್ಕಿದರೆ ಅದರ ಫೋಟೋ ಹಾಕಿ.