ಗೊತ್ತಿರುವ ಕಥೆಗೆ ಮತ್ತೆ ಯಾಕೆ ನಗು?

ಶಿರಸಿಯ ನಿಮ್ಮ ಮನೆಯಲ್ಲಿ ‘ಗಣೇಶನ ಮದುವೆ’ ಸಿನಿಮಾ ಹಾಕಿದಾಗಲೆಲ್ಲ ಅಪ್ಪ ಡೈಲಾಗ್‌ಗಿಂತ ಮೊದಲೇ ನಗುತ್ತಾರೆ, ಕಥೆ ಗೊತ್ತಿದ್ದರೂ ಯಾಕೆ ಅಂತ ಕೇಳಿದ್ದೀರಿ. ಕಥೆ ಗೊತ್ತಿರುವುದರಿಂದಲೇ ನಗು ಜಾಸ್ತಿ ಅಂತೀನಿ ನಾನು. ವಠಾರದಲ್ಲಿ ಗಣೇಶನಿಗೂ ಓನರ್ ಮಗಳಿಗೂ ದಿನಾ ಜಗಳ. ಅದೇ ಹುಡುಗಿ ಬೇರೆ ಹೆಸರಲ್ಲಿ ಕಾಗದ ಬರೆದರೆ ಇವನು ಕರಗಿ ನೀರು. ಇದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಹಾಗಾಗಿ ಎರಡನೇ ಸಲ ಒಂದೊಂದು ಬೈಗುಳಕ್ಕೂ ಬೇರೆ ರುಚಿ.

ಇನ್ನೊಂದು, ನಿರ್ದೇಶಕ-ನಾಯಕರ ಜೋಡಿ. 1990ರ ಈ ಸಿನಿಮಾ ಆದಮೇಲೆ 1991ರಲ್ಲಿ ‘ಗೌರಿ ಗಣೇಶ’, 1992ರಲ್ಲಿ ‘ಗಣೇಶ ಸುಬ್ರಹ್ಮಣ್ಯ’. ಮೂರರಲ್ಲೂ ನಿರ್ದೇಶಕ ಫಣಿ ರಾಮಚಂದ್ರ, ನಾಯಕ ಅನಂತ್ ನಾಗ್. ಫಣಿ ಗೊಂದಲ ಹೆಣೆಯುತ್ತಾರೆ, ಅನಂತ್ ಅದರೊಳಗೆ ಗಂಭೀರವಾಗಿ ಸಿಕ್ಕಿಬೀಳುತ್ತಾರೆ. ನಗಿಸಬೇಕು ಅಂತ ಮುಖ ಕಿವುಚುವುದಿಲ್ಲ, ಅದೇ ಮಜಾ. (ಅನಂತ್ ಬಾಲ್ಯದಲ್ಲಿ ಭಟ್ಕಳದ ಹತ್ತಿರ ಶಿರಾಲಿಯಲ್ಲಿದ್ದವರು ಅಂತ ನಮ್ಮ ಕಡೆಯವರಿಗೆ ಸ್ವಲ್ಪ ಪಕ್ಷಪಾತ ಇದ್ದದ್ದೇ, ಬಿಡಿ.)

ಮುಂದಿನ ಸಲ ಅಪ್ಪನ ಜೊತೆ ಕೂತಾಗ ಮಾತಾಡುವವರನ್ನು ಬಿಟ್ಟು, ಸುಮ್ನೆ ನಿಂತು ಕೇಳುವವರ ಮುಖ ನೋಡಿ. ಅಪ್ಪ ನಗುವುದು ಬಹುಶಃ ಅಲ್ಲೇ.