ಆ ಕಡೆ ಇದ್ದವನು ಪೊಲೀಸ್ ಆಗಿದ್ದರೂ ಅಪರಾಧವೇ?

ನಿಮ್ಮ ಪ್ರಶ್ನೆ ಇಂಗ್ಲೆಂಡ್ ಕಾನೂನಿನದು: ಒಬ್ಬ ಗಾಂಜಾ ತಂದುಕೊಡು ಅಂತ ಮೆಸೇಜ್ ಹಾಕಿದ, ಆ ಕಡೆ ಇದ್ದವನು ವೇಷ ಮರೆಸಿದ ಪೊಲೀಸ್, ಮಾಲು ಕೈ ಬದಲಾಗಲೇ ಇಲ್ಲ, ಹಾಗಿದ್ದ ಮೇಲೆ ಅಪರಾಧ ಎಲ್ಲಿಂದ ಬಂತು?

ಬರುತ್ತದೆ. 1971ರ ಮಿಸ್‌ಯೂಸ್ ಆಫ್ ಡ್ರಗ್ಸ್ ಆಕ್ಟ್‌ನ 19ನೇ ಸೆಕ್ಷನ್ ನೋಡಿ. ಆ ಕಾಯ್ದೆಯಡಿ ಅಪರಾಧ ಮಾಡು ಅಂತ ಇನ್ನೊಬ್ಬನನ್ನು ಪ್ರಚೋದಿಸುವುದೇ ಅಲ್ಲಿ ಬೇರೆ ಅಪರಾಧ. ಮಾಲು ಬರಬೇಕಾಗಿಲ್ಲ. ಕೇಳಿಸಿಕೊಂಡವನು ಒಪ್ಪಬೇಕಾಗಿಯೂ ಇಲ್ಲ. ಮಾತು ಅವನಿಗೆ ತಲುಪಿದರೆ ಸಾಕು.

ಎಲ್ಲರೂ ಎಡವುವುದು ಉದ್ದೇಶದ ವಿಷಯದಲ್ಲಿ. ಪೊಲೀಸನಿಗೆ ಕೊಡುವ ಮನಸ್ಸೇ ಇರಲಿಲ್ಲ ಅಲ್ವಾ ಅಂತ ವಾದಿಸುತ್ತಾರೆ. ಆದರೆ ಕೋರ್ಟ್ ನೋಡುವುದು ತಂದುಕೊಡು ಅಂತ ಕೇಳಿದವನ ಮನಸ್ಸನ್ನು, ಕೇಳಿಸಿಕೊಂಡವನದನ್ನಲ್ಲ. ಡಿಪಿಪಿ (ಅಲ್ಲಿನ ಸರ್ಕಾರಿ ಪ್ರಾಸಿಕ್ಯೂಷನ್‌ನ ಮುಖ್ಯಸ್ಥ) ವಿರುದ್ಧ ಆರ್ಮ್‌ಸ್ಟ್ರಾಂಗ್ ಪ್ರಕರಣ ಓದಿ, ಅದು ಡ್ರಗ್ಸ್‌ದಲ್ಲ, ಮಕ್ಕಳ ಅಶ್ಲೀಲ ಚಿತ್ರಗಳದ್ದು, ಆದರೆ ಅಲ್ಲೂ ಕೇಳಿಸಿಕೊಂಡವನು ವೇಷ ಮರೆಸಿದ ಪೊಲೀಸೇ, ಮತ್ತು ಅವನಿಗೆ ಅಪರಾಧ ಮಾಡುವ ಇರಾದೆ ಇರಲಿಲ್ಲ ಅನ್ನುವುದು ಆರೋಪಿಯ ನೆರವಿಗೆ ಬರಲಿಲ್ಲ.

ಹಾಗಂತ ಬಾಯಿಗೆ ಬಂದದ್ದೆಲ್ಲ ಅಪರಾಧ ಅಲ್ಲ. "ಇವತ್ತು ಒಂದು ಕಿಲೋ ತಂದುಬಿಡು ಮಾರಾಯ" ಅಂತ ಸುಮ್ನೆ ತಮಾಷೆಗೆ ಹೇಳಿದವನಿಗೆ ಅದು ನಿಜವಾಗಿ ನಡೆಯಲಿ ಅನ್ನುವ ಉದ್ದೇಶವಿಲ್ಲ. ಆದರೆ ಅದೇ ಮೆಸೇಜ್‌ನ ಹಿಂದೆಮುಂದೆ ರೇಟು, ಜಾಗ, ಸಮಯ ಎಲ್ಲ ಇದ್ದರೆ ತಮಾಷೆ ಅನ್ನುವುದನ್ನು ಯಾರೂ ನಂಬುವುದಿಲ್ಲ. ಪ್ರಾಸಿಕ್ಯೂಷನ್ ಜಾಸ್ತಿ ಹುಡುಕುವುದೂ ಇಂಥ ವಿವರಗಳನ್ನೇ.

ಇನ್ನೊಂದು. 2007ರ ಸೀರಿಯಸ್ ಕ್ರೈಮ್ ಆಕ್ಟ್ ಪ್ರಚೋದನೆಯನ್ನೇ ರದ್ದು ಮಾಡಿತು ಅಂತ ನೀವು ಬರೆದಿದ್ದೀರಿ. ರದ್ದಾಗಿದ್ದು ಕಾಮನ್ ಲಾ ಅಪರಾಧ, ಅಂದರೆ ಕಾಯ್ದೆಯಿಂದಲ್ಲದೆ ಕೋರ್ಟ್ ತೀರ್ಪುಗಳಿಂದ ಬೆಳೆದು ಬಂದದ್ದು ಮಾತ್ರ, 19ನೇ ಸೆಕ್ಷನ್ ಅಲ್ಲ.