ಕಾಣದ ಜಾಗ ಖಾಲಿಯಾಗಿ ಕಾಣುವುದಿಲ್ಲ

ನೀವು ಕೇಳಿರುವುದು ಎರಡು ಪ್ರಶ್ನೆ. ಗಾಡಿಯ ಕನ್ನಡಿಗಳನ್ನು ಸರಿಯಾಗಿ ಹೊಂದಿಸಿಕೊಂಡರೂ ಬ್ಲೈಂಡ್ ಸ್ಪಾಟ್, ಅಂದರೆ ಡ್ರೈವರಿನ ಕಣ್ಣಿಗೆ ಬೀಳದ ಜಾಗ, ಯಾಕೆ ಉಳಿಯುತ್ತದೆ? ದಿನನಿತ್ಯದ ಬದುಕಿನಲ್ಲೂ ಅಂಥ ಕುರುಡು ಜಾಗ ಯಾರಿಗಾದರೂ ಅನುಭವಕ್ಕೆ ಬಂದಿದೆಯಾ? ನಾನು ಕೊಪ್ಪಳ ಜಿಲ್ಲೆ ಕಾರಟಗಿ ಕಡೆಯ ಭತ್ತದ ರೈತ, ಟ್ರ್ಯಾಕ್ಟರ್ ನಾನೇ ಓಡಿಸುತ್ತೇನೆ. ಎರಡಕ್ಕೂ ಉತ್ತರ ಹೇಳುತ್ತೇನೆ, ಆದರೆ ಮೊದಲು ಕಣ್ಣಿನ ವಿಷಯ.

ಒಂದು ಹಸಿರು ಟವೆಲ್ ಹಾಸಿ, ಅದರ ಮೇಲೆ ನಾಲ್ಕು ಬೆರಳಗಲ ಅಂತರದಲ್ಲಿ ಎರಡು ಶೇಂಗಾ ಬೀಜ ಇಡಿ. ಎಡಗಣ್ಣು ಮುಚ್ಚಿ. ಬಲಗಣ್ಣಿಂದ ಎಡಗಡೆ ಬೀಜವನ್ನೇ ದಿಟ್ಟಿಸುತ್ತ, ಮುಖವನ್ನು ಸುಮಾರು ಒಂದಡಿ ಎತ್ತರದಲ್ಲಿಟ್ಟು ನಿಧಾನವಾಗಿ ಮೇಲೆ ಕೆಳಗೆ ಮಾಡಿ. ಒಂದು ಎತ್ತರದಲ್ಲಿ ಬಲಗಡೆ ಬೀಜ ಮಾಯವಾಗುತ್ತದೆ. ಅದು ಇದ್ದ ಜಾಗದಲ್ಲಿ ಏನು ಕಾಣುತ್ತದೆ ಅನ್ನುವುದನ್ನು ಗಮನವಿಟ್ಟು ನೋಡಿ. ಕಪ್ಪು ತೂತು ಕಾಣುವುದಿಲ್ಲ, ಮಬ್ಬೂ ಇರುವುದಿಲ್ಲ. ಹಸಿರು ಟವೆಲ್ ಅಷ್ಟೇ ಕಾಣುತ್ತದೆ.

ಕಣ್ಣಿನ ಒಳಪರದೆಯಿಂದ ಹತ್ತು ಲಕ್ಷಕ್ಕೂ ಹೆಚ್ಚು ನರದ ಎಳೆಗಳು ಒಂದೇ ಕಡೆ ಸೇರಿ ಮಿದುಳಿಗೆ ಹೊರಡುತ್ತವೆ. ಅವು ಹೊರಬೀಳುವ ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ನಾವು ನೇರ ನೋಡುವ ಕಡೆಯಿಂದ ಸುಮಾರು 15 ಡಿಗ್ರಿ ಹೊರಮಗ್ಗುಲಿಗೆ ಈ ಕುರುಡು ಚುಕ್ಕೆ ಇರುತ್ತದೆ. 1660ರ ದಶಕದಲ್ಲಿ ಫ್ರಾನ್ಸಿನ ಎಡ್ಮ್ ಮಾರಿಯೋಟ್ ಇದನ್ನು ಕಂಡುಹಿಡಿದ. ಎಲ್ಲರ ಕಣ್ಣಲ್ಲೂ ಇರುವ ಚುಕ್ಕೆ, ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ! ಎರಡೂ ಕಣ್ಣು ತೆರೆದಿದ್ದರೆ ಒಂದು ಕಣ್ಣು ಬಿಟ್ಟಿದ್ದನ್ನು ಇನ್ನೊಂದು ಹಿಡಿಯುತ್ತದೆ. ಒಂದೇ ಕಣ್ಣಾದರೆ ಮಿದುಳು ಸುತ್ತಲಿನ ಬಣ್ಣವನ್ನೇ ಎಳೆದು ಆ ತೂತು ಮುಚ್ಚುತ್ತದೆ, ನಮಗೆ ತಿಳಿಸುವುದೇ ಇಲ್ಲ.

ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ, ಬಂದವರಿಗೆ ಬಹಳ ದಿನ ಗೊತ್ತಾಗದಿರುವುದಕ್ಕೂ ಇದೊಂದು ಕಾರಣ. ಅಂಚಿನ ದೃಷ್ಟಿ ಹೋಗುತ್ತಿರುತ್ತದೆ, ಹೆಚ್ಚಿನವರಿಗೆ ನೋವಿರುವುದಿಲ್ಲ, ಹೋದ ಜಾಗ ಹೋದಂತೆ ಕಾಣುವುದೂ ಇಲ್ಲ. ನಮ್ಮಪ್ಪ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ವಯಸ್ಸಾಯಿತು ಅಂತ ನಾವು ಸುಮ್ಮನಿದ್ದೆವು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ನಲವತ್ತು ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಇದ್ದರೆ, ದಯವಿಟ್ಟು ಕಣ್ಣಿನ ಒತ್ತಡ ಮತ್ತು ನರ ಎರಡನ್ನೂ ತೋರಿಸಿಕೊಳ್ಳಿ.

ಈಗ ಗಾಡಿ. ಕನ್ನಡಿ ತೋರಿಸುವುದು ಒಂದು ಕಿರಿದಾದ ಪಟ್ಟಿಯನ್ನು ಮಾತ್ರ. ಕಾರಿನ ಪಕ್ಕದ ಕನ್ನಡಿಯನ್ನು ನಿಮ್ಮ ಗಾಡಿಯದೇ ಮಗ್ಗುಲು ಕಾಣಿಸದಷ್ಟು ಹೊರಕ್ಕೆ ತಿರುಗಿಸಿದರೆ ಕುರುಡು ಜಾಗ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕತ್ತು ತಿರುಗಿಸಿ ನೋಡಲೇಬೇಕು. ಆದರೆ ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಭತ್ತದ ಹುಲ್ಲು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ನೋಡಿದ್ದೀರಾ? ಹುಲ್ಲು ಟ್ರೇಲರಿನ ಎರಡೂ ಕಡೆ ಆಳುದ್ದ ಹೊರಚಾಚಿರುತ್ತದೆ. ಕನ್ನಡಿಯಲ್ಲಿ ಹುಲ್ಲು, ಕತ್ತು ತಿರುಗಿಸಿದರೂ ಹುಲ್ಲು. ಹಿಂದೆ ಒಂದು ಬಸ್ಸೇ ಬಂದರೂ ಗೊತ್ತಾಗುವುದಿಲ್ಲ.

ಒಂದು ಸಂಜೆ ಹಾಗೆ ಹೇರಿಕೊಂಡು ಬಂದು ಹೊಲದ ದಾರಿಗೆ ಬಲಕ್ಕೆ ತಿರುಗಿಸಿದೆ. ಟೇಪು ಜೋರಾಗಿ ಹಾಕಿದ್ದೆ. ಅದೇ ಹೊತ್ತಿಗೆ ಬಲಗಡೆಯಿಂದ ಮುಂದೆ ಹೋಗಲು ಬಂದ ಬೈಕಿನವರು ದಾರಿ ಸಿಗದೆ ಗದ್ದೆಗೆ ಬಿದ್ದರು. ಮುಂದೆ ಟ್ಯಾಂಕಿನ ಮೇಲೆ ಒಂದು ಮಗು ಕೂತಿತ್ತು. ಕೆಸರು ಗದ್ದೆಯಾಗಿದ್ದರಿಂದ ಮೊಣಕಾಲು ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. "ಅಷ್ಟು ಹಾರ್ನ್ ಹೊಡದೇನಿ, ಕೇಳಲಿಲ್ಲೇನ್ರೀ ಯಣ್ಣಾ?" ಅಂದರು. ಬಯ್ಯಲೂ ಇಲ್ಲ. ಆ ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಅವತ್ತಿನಿಂದ ಹುಲ್ಲು ಹೇರಿದಾಗ ಟೇಪು ಬಂದ್. ತಿರುವು ಬಂದರೆ ನಿಲ್ಲಿಸಿ, ಜೊತೆಗಿದ್ದವನನ್ನು ಇಳಿಸಿ ನೋಡಿಸಿ ಆಮೇಲೆ ತಿರುಗಿಸುತ್ತೇನೆ. ನೀವು ಬೈಕಿನವರಾದರೆ ಇಷ್ಟು ಮಾಡಿ: ಲಾರಿಯ ಕನ್ನಡಿಯಲ್ಲಿ ಡ್ರೈವರಿನ ಮುಖ ನಿಮಗೆ ಕಾಣದಿದ್ದರೆ, ನೀವು ಅವನಿಗೆ ಕಾಣುತ್ತಿಲ್ಲ ಅಂತಲೇ ತಿಳಿಯಿರಿ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಕಾಲುವೆ. ತುಂಗಭದ್ರಾ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದ. ಕೊಪ್ಪಳ ಜಿಲ್ಲೆ ದಾಟಿ ಸಿಂಧನೂರು, ಮಾನ್ವಿ ಹಾದು ರಾಯಚೂರು ಕಡೆ ಹೋಗುತ್ತದೆ. ಯೋಜನೆ ಮಾಡುವಾಗ ಈ ಅಚ್ಚುಕಟ್ಟಿನ ಬಹುಭಾಗಕ್ಕೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಅಂತಲೇ ಲೆಕ್ಕ ಹಾಕಿದ್ದರು. ಮೇಲ್ಭಾಗದ ನಾವು ಭತ್ತ ಹಿಡಿದೆವು, ಅದೂ ವರ್ಷಕ್ಕೆ ಎರಡು ಸಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಬಂದಿದೆ. ಇದೆಲ್ಲ ನನಗೆ ಗೊತ್ತಿತ್ತು. ಪೇಪರಿನಲ್ಲಿ "ಕೆಳಭಾಗದ ರೈತರ ಧರಣಿ" ಅಂತ ಪ್ರತಿ ವರ್ಷ ಓದುತ್ತಿದ್ದೆ. ಗೇಜಿನ, ಅಂದರೆ ಕಾಲುವೆ ನೀರಿನ ಮಟ್ಟದ, ಜಗಳ ಇದ್ದದ್ದೇ, ಅಧಿಕಾರಿಗಳು ನೋಡಿಕೊಳ್ಳುತ್ತಾರೆ ಅಂತ ಪುಟ ತಿರುಗಿಸುತ್ತಿದ್ದೆ.

ನಮ್ಮಕ್ಕನನ್ನು ಮಾನ್ವಿ ಕಡೆ, ಕಾಲುವೆಯ ಕೊನೆಭಾಗದ ಊರಿಗೆ ಕೊಟ್ಟಿದ್ದೇವೆ. ಹಬ್ಬಕ್ಕೆ ಅವಳೇ ತವರಿಗೆ ಬರುತ್ತಿದ್ದಳು. ಬೇಸಿಗೆ ಬೆಳೆಯ ಹೊತ್ತಿನಲ್ಲಿ ನಾವು ಯಾರೂ ಅಲ್ಲಿಗೆ ಹೋದವರೇ ಅಲ್ಲ, ನಮಗೆ ಗದ್ದೆ ಕೆಲಸ. ಒಂದು ವರ್ಷ ಫೆಬ್ರವರಿಯಲ್ಲಿ ಮಾಮನಿಗೆ ಹುಷಾರಿಲ್ಲ ಅಂತ ಹೋದೆ. ಅವರ ಊರಿನ ಉಪಕಾಲುವೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕುಡಿಯುವ ನೀರಿಗೆ ಕಾಲುವೆಯಿಂದಲೇ ತುಂಬಿಸುವ ಕೆರೆ ಅರ್ಧಕ್ಕೆ ಇಳಿದಿತ್ತು. ಅಕ್ಕ ನೀರು ಕೊಟ್ಟು, "ತಮ್ಮಾ, ನಿಮ್ಮ ಕಡೆ ಕಾಲುವಿ ಹೆಂಗದ?" ಅಂತ ಕೇಳಿದಳು. "ತುಂಬಿ ಹರೀತದ ಅಕ್ಕಾ" ಅಂದೆ. ಬಾಯಿಂದ ಬಿದ್ದ ಮೇಲೆ ಆ ಮಾತು ನನ್ನ ಕಿವಿಗೆ ಕೇಳಿಸಿತು.

ಹಿಂದಿನ ರಾತ್ರಿಯಷ್ಟೇ ನಮ್ಮ ತೂಬಿನಲ್ಲಿ ನಮ್ಮ ಪಾಳಿ ಮುಗಿದ ಮೇಲೂ ನೀರು ಬಿಟ್ಟುಕೊಂಡಿದ್ದೆ. ಗದ್ದೆ ತುಂಬಿ ಹೆಚ್ಚಾದದ್ದು ಹಳ್ಳಕ್ಕೆ ಹೋಗಿತ್ತು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ನನ್ನ ಕಣ್ಣ ಮುಂದಿನ ಹಸಿರನ್ನೇ ಎಳೆದು ಮಾನ್ವಿಯವರೆಗೂ ಹಾಸಿಬಿಟ್ಟಿದ್ದೆ. ಆ ಟವೆಲ್ಲಿನ ಮೇಲಿನ ಶೇಂಗಾ ಬೀಜ ನನ್ನ ಒಡಹುಟ್ಟಿದ ಅಕ್ಕನ ಮನೆ.

ಮರುವರ್ಷ ಎರಡು ಎಕರೆಗೆ ನಾಟಿ ಬಿಟ್ಟು ಕೂರಿಗೆ ಬಿತ್ತನೆ ಮಾಡಿದೆ. ಕೆಸರು ಮಾಡಿ ನೀರು ನಿಲ್ಲಿಸುವ ಗೋಜಿಲ್ಲ, ನೀರು ಎಷ್ಟೋ ಉಳಿಯಿತು. ಕಳೆ ಮಾತ್ರ ವಿಪರೀತ, ಅಪ್ಪನ ಜೊತೆ ಅದಕ್ಕೇ ವಾದ ಆಯಿತು. ಈಗ ಐದು ಎಕರೆಗೆ ಮಾಡುತ್ತಿದ್ದೇನೆ. ಪಕ್ಕದ ಹೊಲದವರು ಇನ್ನೂ ಒಪ್ಪಿಲ್ಲ. ನಾನು ಒಬ್ಬ ಬಿಟ್ಟ ನೀರು ಅಕ್ಕನ ಊರು ಮುಟ್ಟುತ್ತದೆ ಅಂತ ಹೇಳಲಾರೆ, ನಡುವೆ ಎಷ್ಟೋ ತೂಬುಗಳಿವೆ.

ನಮ್ಮ ತೂಬಿಗೆ ನೀರು ಬಂದ ದಿನ ಈಗ ಅಕ್ಕನಿಗೆ ಫೋನ್ ಮಾಡುತ್ತೇನೆ. ಆಮೇಲೆ ದಿನಾ ಸಂಜೆ, "ಬಂತೇನಕ್ಕಾ?" ಒಂದೊಂದು ಸಲ ವಾರದೊಳಗೇ ಬಂತು ಅನ್ನುತ್ತಾಳೆ. ಒಂದು ವರ್ಷ ಹದಿನೆಂಟು ದಿನ "ಇನ್ನಾ ಇಲ್ಲಪಾ" ಅಂತಲೇ ಅಂದಳು.